ಭಯವನ್ನು ಅಳಿಸುವವರ ಅಂಗಡಿ

'ಎರಡೇ ದಿನಗಳಲ್ಲಿ ಭಯವನ್ನು ಬೇರುಸಹಿತ ಅಳಿಸಿ, ಮನಸ್ಸನ್ನು ರೀಪ್ರೋಗ್ರಾಂ ಮಾಡಿಕೊಳ್ಳಿ' ಎಂಬ ಕರಪತ್ರವೊಂದು ಕಳೆದ ತಿಂಗಳು ದಿಲ್ಲಿಯಲ್ಲಿ ನಮ್ಮ ಕೈಸೇರಿತು. ಇಂಥವನ್ನು ಮಡಿಚಿ ಕಸದ ಬುಟ್ಟಿಗೆ ಹಾಕುವುದು ನಮ್ಮ ರೂಢಿ. ಈ ಸಲ ಹಾಗೆ ಮಾಡಲು ಕೈ ಬರಲಿಲ್ಲ. ಇಂಥದೇ ಶಿಬಿರವೊಂದಕ್ಕೆ ಹೋಗಿಬಂದ ಸಹೋದ್ಯೋಗಿಯೊಬ್ಬರ ಪಾಡನ್ನು ನಾವು ಹತ್ತಿರದಿಂದ ಕಂಡವರು.

ಕರ್ನಾಟಕದಿಂದ ವರ್ಗವಾಗಿ ಬಂದ ಆ ಮಹಿಳೆಗೆ ಲಿಫ್ಟೆಂದರೆ ದಿಗಿಲು. ಕಚೇರಿ ಇರುವುದು ಏಳನೆಯ ಮಹಡಿಯಲ್ಲಿ. ಬೆಳಿಗ್ಗೆ ಹತ್ತಿದರೆ ಸಂಜೆಯೇ ಇಳಿಯುವುದು. ನಡುವೆ ಕ್ಯಾಂಟೀನಿನ ಮಾತಿಲ್ಲ. ಹದಿನಾಲ್ಕನೆಯ ಮಹಡಿಯ ವಿಭಾಗಕ್ಕೆ ಬಡ್ತಿ ಬಂದಾಗ ಬೇಡವೆಂದು ಬರೆದುಕೊಟ್ಟರು. ಕಡತದಲ್ಲಿ ಕಾಣಿಸಿದ ಕಾರಣ 'ಕೌಟುಂಬಿಕ'. ಇದನ್ನು ಪುಕ್ಕಲುತನವೆಂದು ನಕ್ಕವರೂ ನಮ್ಮಲ್ಲಿದ್ದರು. ಹೆದರಿದವರ ಮೇಲೆ ಹಾವು ಎಸೆಯುವವರಿಗೆ ಯಾವ ಊರಿನಲ್ಲೂ ಬರವಿಲ್ಲ.

ಶಿಬಿರದಲ್ಲಿ ಮಂದ ಬೆಳಕು, ಮೆಲುದನಿ. ಕಣ್ಣು ಮುಚ್ಚಿ, ಲಿಫ್ಟಿನೊಳಗಿರುವ ನಿಮ್ಮನ್ನು ಕಪ್ಪುಬಿಳುಪು ಚಲನಚಿತ್ರದಲ್ಲಿ ಕಂಡಂತೆ ದೂರದಿಂದ ನೋಡಿ, ಚಿತ್ರವನ್ನು ಕೊನೆಯಿಂದ ಮೊದಲಿಗೆ ಓಡಿಸಿ, ಈಗ ಅಳಿಸಿಬಿಡಿ! 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ರಿಚರ್ಡ್ ಬ್ಯಾಂಡ್ಲರ್ ಮತ್ತು ಜಾನ್ ಗ್ರೈಂಡರ್ ಹುಟ್ಟುಹಾಕಿದ 'ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್' ಎಂಬ ಪದ್ಧತಿಯ ಸರಕು ಇದು. ಅದಕ್ಕೆ ಒಂದಿಷ್ಟು ಸಮ್ಮೋಹಿನಿಯ ಒಗ್ಗರಣೆ. ಮೂರು ದಿನ ಅವರು ಲಿಫ್ಟಿನಲ್ಲೇ ಬಂದರು, ನಾವೂ ಬೆರಗಾದೆವು. ನಾಲ್ಕನೆಯ ದಿನ ವಿದ್ಯುತ್ ಹೋಗಿ ಲಿಫ್ಟು ಅರೆನಿಮಿಷ ನಿಂತಿತು. ಭಯ ಇಮ್ಮಡಿಯಾಗಿ ಮರಳಿತು. ಫೋನು ಮಾಡಿದರೆ ಶಿಬಿರದ ಗುರುಗಳು, 'ನಿಮ್ಮ ಒಳಮನಸ್ಸೇ ಸಹಕರಿಸುತ್ತಿಲ್ಲ, ಎರಡನೆಯ ಹಂತದ ಶಿಬಿರಕ್ಕೆ ಬನ್ನಿ' ಎಂದರಂತೆ.

ನಮ್ಮ ತಕರಾರು ಇರುವುದು ಈ ಉತ್ತರದ ಬಗೆಗೆ. ಗುಣವಾದರೆ ಕೀರ್ತಿ ಗುರುವಿಗೆ, ಆಗದಿದ್ದರೆ ದೋಷ ರೋಗಿಯ ಮನಸ್ಸಿಗೆ. ಸೋಲಲು ಸಾಧ್ಯವೇ ಇಲ್ಲದ ಇಂಥ ವಿದ್ಯೆಯನ್ನು ವಿಜ್ಞಾನವೆಂದು ಕರೆಯುವುದು ಹೇಗೆ?

'ಅಳಿಸುವುದು' ಎಂಬ ಮಾತೇ ಸುಳ್ಳು. ಗಂಟೆಯ ಸದ್ದಿಗೆ ಜೊಲ್ಲು ಸುರಿಸಲು ಕಲಿತ ಪಾವ್ಲೋವನ ನಾಯಿಗಳ ಕಥೆ ಎಲ್ಲರಿಗೂ ಗೊತ್ತು. ಅದರ ಉತ್ತರಾರ್ಧ ಕೇಳಿದವರು ಕಡಿಮೆ. ಆಹಾರ ಕೊಡದೆ ಸದ್ದನ್ನಷ್ಟೇ ಮತ್ತೆ ಮತ್ತೆ ಕೇಳಿಸಿದರೆ ಜೊಲ್ಲು ನಿಲ್ಲುತ್ತದೆ. ಆದರೆ ಕೆಲಕಾಲ ಬಿಡುವು ಕೊಟ್ಟು ಕೇಳಿಸಿದರೆ ಪುನಃ ಸುರಿಯುತ್ತದೆ. ಹಳೆಯ ಪಾಠ ಅಳಿದಿರಲಿಲ್ಲ. ಅದರ ಪಕ್ಕದಲ್ಲಿ ಹೊಸ ಪಾಠವೊಂದು ಸೇರಿತ್ತು, ಅಷ್ಟೆ. ಭಯದ ವಿಷಯವೂ ಹೀಗೆಯೇ. ಹೊಸ ಪಾಠವನ್ನು ಬಲಪಡಿಸಬಹುದು, ಹಳೆಯದನ್ನು ಒರೆಸಿಹಾಕುವ ಬಟ್ಟೆ ಯಾರ ಕೈಯಲ್ಲೂ ಇಲ್ಲ. ಇದನ್ನು ಮೊದಲೇ ತಿಳಿಸಿದ್ದರೆ ನಾಲ್ಕನೆಯ ದಿನದ ದಿಗಿಲನ್ನು ಆಕೆ ತನ್ನ ಸೋಲೆಂದು ಬಗೆಯುತ್ತಿರಲಿಲ್ಲ.

ಸಮ್ಮೋಹಿನಿಯೆಲ್ಲ ಬೂಟಾಟಿಕೆಯೆಂದು ನಾವು ಹೇಳುತ್ತಿಲ್ಲ. ಅರಿವಳಿಕೆ ಬಳಕೆಗೆ ಬರುವ ಮುನ್ನ, 1845ರಲ್ಲಿ, ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟಿಷ್ ವೈದ್ಯ ರೋಗಿಗಳನ್ನು ಮೆಸ್ಮರನ ಪದ್ಧತಿಯಿಂದ ಮಂಪರಿಗೆ ತಂದು ಶಸ್ತ್ರಚಿಕಿತ್ಸೆ ನಡೆಸಿದ. 'ಹಿಪ್ನಾಟಿಸಂ' ಎಂಬ ಪದವನ್ನು ಬಳಕೆಗೆ ತಂದ ಜೇಮ್ಸ್ ಬ್ರೇಡ್, ಇದು ನಿದ್ರೆಯಲ್ಲ, ಒಂದೇ ವಿಚಾರದಲ್ಲಿ ನೆಟ್ಟ ಗಮನ ಎಂದರಿತು ತನ್ನ ಪದವನ್ನೇ ಬದಲಿಸಲು ಹೊರಟ. ಪದ ಅವನ ಕೈಮೀರಿತ್ತು. ನುರಿತ ಚಿಕಿತ್ಸಕರ ಕೈಯಲ್ಲಿ ಅದು ನೋವನ್ನೂ ಕಳವಳವನ್ನೂ ತಗ್ಗಿಸುವ ನೆರವಾಗಬಲ್ಲದು. ನೆರವನ್ನೇ ಪವಾಡವೆಂದು ಮಾರುವುದು ಬೇರೆ ಮಾತು.

ಭಯಕ್ಕೆ ಚೆನ್ನಾಗಿ ಪರೀಕ್ಷೆಗೊಳಗಾದ ಚಿಕಿತ್ಸೆ ಬಹಳ ಸಪ್ಪೆಯಾದದ್ದು. 1924ರಲ್ಲಿ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿಗೆ ಇಷ್ಟದ ತಿಂಡಿ ಕೊಟ್ಟು, ಮೊಲವನ್ನು ದಿನದಿನಕ್ಕೆ ಹತ್ತಿರ ತಂದರು. ಕೊನೆಗೆ ಮಗು ಅದನ್ನು ಮುಟ್ಟಿ ಆಡಿತು. 1958ರಲ್ಲಿ ಜೋಸೆಫ್ ವೋಲ್ಪಿ ತಮ್ಮ ಗ್ರಂಥದಲ್ಲಿ ಇಂಥ ಕ್ರಮಕ್ಕೆ ಶಿಸ್ತಿನ ರೂಪ ಕೊಟ್ಟರು. ಹೆದರಿಸುವ ವಸ್ತುವಿನ ಬಳಿಗೆ ಮೆಲ್ಲಗೆ, ಎಚ್ಚರದಲ್ಲಿ, ಕಣ್ಣು ತೆರೆದುಕೊಂಡು ಹೋಗುವುದು. ಇದಕ್ಕೆ ಹೋಟೆಲಿನ ಸಭಾಂಗಣ ಬೇಡ. ಆದ್ದರಿಂದಲೇ ಕರಪತ್ರವೂ ಇಲ್ಲ.

'ಕೆಲವರಿಗಾದರೂ ಉಪಕಾರವಾಗಿದೆಯಲ್ಲ' ಎನ್ನುವ ಸ್ನೇಹಿತರಿದ್ದಾರೆ. ಆಗಿರಬಹುದು. ಆಗದವರ ಗತಿಯೇನು? ಒಮ್ಮೆ ಮೋಸಹೋದವರು ನಿಜವಾದ ಚಿಕಿತ್ಸೆಯ ಬಾಗಿಲನ್ನೂ ತಟ್ಟುವುದಿಲ್ಲ. ನಮ್ಮ ಸಹೋದ್ಯೋಗಿ ಒಂದು ವರ್ಷ ತಟ್ಟಲಿಲ್ಲ. ಹುಟ್ಟೂರಿನಿಂದ ದೂರವಿರುವ ನಮ್ಮಂಥವರಿಗೆ ಕಷ್ಟ ಇನ್ನೂ ಒಂದು ಕೈ ಹೆಚ್ಚು: ಎದೆ ಹೊಡೆದುಕೊಳ್ಳುವುದನ್ನು ಹಿಂದಿಯಲ್ಲಿ ವಿವರಿಸಲು ಹೊರಟರೆ ಅರ್ಧ ಭಯ ಕನ್ನಡದಲ್ಲೇ ಉಳಿದುಬಿಡುತ್ತದೆ.

ಕೊನೆಗೆ ಸರ್ಕಾರಿ ಆಸ್ಪತ್ರೆಯೊಂದರ ಮನಶ್ಶಾಸ್ತ್ರಜ್ಞೆಯ ಬಳಿಗೆ ಹೋದರು. ಮೊದಲ ವಾರ ಲಿಫ್ಟಿನ ಮುಂದೆ ಸುಮ್ಮನೆ ನಿಲ್ಲುವುದು. ಆಮೇಲೆ, ಬಾಗಿಲನ್ನು ನಾವು ತಡೆಹಿಡಿದಿರುವಾಗ ಒಳಗೆ ಹೆಜ್ಜೆಯಿಟ್ಟು ಬರುವುದು. ಆಮೇಲೆ ಒಂದೇ ಮಹಡಿ. ಮೂರು ತಿಂಗಳು ಹಿಡಿಯಿತು. ಈಗಲೂ ಬಾಗಿಲು ಮುಚ್ಚುವಾಗ ಅವರು ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿಯುತ್ತಾರೆ. ಏಳನೆಯ ಮಹಡಿ ಬರುವಷ್ಟರಲ್ಲಿ ಬಿಟ್ಟಿರುತ್ತಾರೆ.