ನಡುಗುವ ವಿಮಾನದ ಹಿಡಿ

ಮಂಡಕಳ್ಳಿ ನಿಲ್ದಾಣದಿಂದ ಮೇಲೇರಿ, ನಂಜನಗೂಡನ್ನು ಬಳಸಿ, ಕಪಿಲೆಯ ಜಾಡು ಹಿಡಿದು ತಿರುಮಕೂಡಲು ನರಸೀಪುರದ ಸಂಗಮಕ್ಕೆ ಹಾರಲು ಈಗ ವೈಮಾನಿಕನೇ ಆಗಬೇಕಾಗಿಲ್ಲ. ಕಂಪ್ಯೂಟರಿನ ಮುಂದೆ ಜಾಯ್‌ಸ್ಟಿಕ್ ಹಿಡಿದು ಕುಳಿತರೆ ಸಾಕು. ಆದರೆ ನಾಲ್ಕಾರು ವರ್ಷ ದುಡಿದ ಹಿಡಿಯನ್ನು ನೆಟ್ಟಗೆ ನಿಲ್ಲಿಸಿದರೂ ವಿಮಾನ ಪಕ್ಕಕ್ಕೆ ವಾಲುತ್ತದೆ. ಸಂಗಮಕ್ಕೆ ಹೊರಟದ್ದು ಯಾರದೋ ಕಬ್ಬಿನ ಗದ್ದೆಯನ್ನು ಸೇರುತ್ತದೆ!

ಇಂತಹ ಅನೇಕ ಹಿಡಿಗಳ ಒಳಗಿರುವುದು ಪೊಟೆನ್ಷಿಯೊಮೀಟರ್. ರೇಡಿಯೋದ ದನಿಯನ್ನು ಏರಿಸಿ ಇಳಿಸುವ ತಿರುಗುಣಿಯ ಒಡಹುಟ್ಟು. ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಗೆಯೊಂದು ಉಜ್ಜುತ್ತ ಸರಿಯುತ್ತದೆ. ಹಿಡಿ ಹೆಚ್ಚಾಗಿ ಆಡುವ ನಡುಜಾಗ ಸಾಮಾನ್ಯವಾಗಿ ಮೊದಲು ಸವೆಯುತ್ತದೆ. ಶುದ್ಧಿಯ ದ್ರವ ಸಿಂಪಡಿಸಿದರೆ ಧೂಳು ಹೋದೀತು. ಸವೆದ ಇಂಗಾಲ ಮರಳಿ ಬಾರದು. ನಡುವಿನ ಅಲ್ಪ ಚಲನೆಯನ್ನು ಲೆಕ್ಕಕ್ಕೆ ಹಿಡಿಯದಂತೆ ತಂತ್ರಾಂಶದಲ್ಲಿ ಏರ್ಪಡಿಸುವವರೂ ಉಂಟು. ಅದು ಜ್ವರಕ್ಕೆ ಕಂಬಳಿ ಹೊದಿಸಿದಂತೆ: ನಡುಕ ಮರೆಯಾಗುತ್ತದೆ, ನೆಲಕ್ಕಿಳಿಯುವಾಗ ಬೇಕಾದ ಸೂಕ್ಷ್ಮ ಹಿಡಿತವೂ ಮರೆಯಾಗುತ್ತದೆ.

ನಿಜವಾದ ಮದ್ದು ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿ ಕಂಡ ಸಂಗತಿಯಲ್ಲಿದೆ. ವಿದ್ಯುತ್ತು ಹರಿಯುವ ವಾಹಕಕ್ಕೆ ಅಡ್ಡಲಾಗಿ ಕಾಂತಕ್ಷೇತ್ರವನ್ನು ಒಡ್ಡಿದರೆ ಅದರ ಅಂಚುಗಳ ನಡುವೆ ಅಲ್ಪ ವೋಲ್ಟೇಜು ಮೂಡುತ್ತದೆ. ಹಿಡಿಯ ಅಚ್ಚಿಗೆ ಪುಟ್ಟ ಅಯಸ್ಕಾಂತವನ್ನು ಕೂರಿಸಿ ಎದುರಿಗೆ ಹಾಲ್ ಸಂವೇದಕವನ್ನು ನಿಲ್ಲಿಸಿದರೆ, ಒಂದನ್ನೊಂದು ಮುಟ್ಟದೆಯೇ ಕೋನ ತಿಳಿಯುತ್ತದೆ. ಉಜ್ಜಾಟವಿಲ್ಲ, ಆದುದರಿಂದ ಆ ಸವೆತವೂ ಇಲ್ಲ. ತಂತಿಗಳು ಮೂರೇ. ಅಂಗಡಿಯಲ್ಲಿ ‘ಲೀನಿಯರ್’ ಬಗೆಯದನ್ನೇ ಕೇಳಬೇಕು. ಸ್ವಿಚ್ಚಿನ ಬಗೆಯದು ಉಂಟು, ಇಲ್ಲ ಎಂದಷ್ಟೇ ಹೇಳಬಲ್ಲುದು. ಹಿಡಿಯೊಳಗೆ ಬರುವುದು 5 ವೋಲ್ಟೋ 3.3 ವೋಲ್ಟೋ ಎಂದು ಮೊದಲು ಅಳೆದು, ಅದಕ್ಕೆ ಒಗ್ಗುವುದನ್ನು ತರಬೇಕು. ಅಯಸ್ಕಾಂತ ತುಸು ಓರೆಯಾದರೂ ಎಡ ಬಲಗಳ ತೂಕ ತಪ್ಪುವುದರಿಂದ, ಅಂಟು ಒಣಗುವ ಮುನ್ನವೇ ಕಂಪ್ಯೂಟರಿಗೆ ಜೋಡಿಸಿ ನೋಡಿಕೊಳ್ಳುವುದು ಒಳ್ಳೆಯದು.