ಹಲ್ಲುಜ್ಜುವ ಬ್ರಷ್ಷೂ ಅದರ ನಿವಾಸಿಗಳೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯೆಂದರೆ ಸ್ಥಾಪಕರ ತ್ಯಾಗ, ಗಡಿನಾಡಿನಲ್ಲಿ ಕನ್ನಡದ ಅಳಿವು ಉಳಿವು, ಗತಿಸಿದ ಗುರುಹಿರಿಯರ ಸ್ಮರಣೆ ಮೊದಲಾದ ಘನ ವಿಷಯಗಳಿಗೆ ಮೀಸಲಾದುದು. ಅಂತಹ ಪುಟಗಳ ನಡುವೆ ಹಲ್ಲುಜ್ಜುವ ಬ್ರಷ್ಷಿನ ಕುರಿತು ಬರೆಯಹೊರಡುವುದು ಉದ್ಧಟತನವೆಂದು ಕೆಲವರಿಗಾದರೂ ತೋರಬಹುದು. ಆದರೆ ಮಧ್ಯಾಹ್ನದ ಊಟವಾದ ಮೇಲೆ ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಂದ ಶಾಲೆಯಲ್ಲಿಯೇ ಹಲ್ಲುಜ್ಜಿಸಬೇಕೆಂಬ ಸಲಹೆಯೊಂದು ಮಹೋತ್ಸವದ ಸಿದ್ಧತೆಯ ಸಭೆಯಲ್ಲಿ ಬಂದಿತ್ತು. ಅದಕ್ಕೆ ಎದುರಾದ ಆಕ್ಷೇಪವೂ ಬಲವಾದುದೇ ಆಗಿತ್ತು: "ಅಷ್ಟೊಂದು ಮಕ್ಕಳ ಬ್ರಷ್ಷುಗಳನ್ನು ಒಂದೇ ಕಡೆ ಇಟ್ಟರೆ ಅದು ರೋಗಾಣುಗಳ ಸಂತೆಯಾಗದೆ ಇದ್ದೀತೆ?" ಸಲಹೆ ಅಲ್ಲಿಗೆ ನಿಂತಿತು. ಅದು ಹಾಗೆ ನಿಲ್ಲಬಾರದಿತ್ತೆಂಬುದು ನನ್ನ ಅಭಿಪ್ರಾಯ.

ಬ್ರಷ್ಷಿನಲ್ಲಿ ಸೂಕ್ಷ್ಮಜೀವಿಗಳಿರುವುದು ನಿಜ, ಅದರಲ್ಲಿ ಸಂದೇಹವೇ ಇಲ್ಲ. ಆದರೆ ಅವು ಎಲ್ಲಿಂದ ಬಂದವು? ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೀವೆನ್‌ಹೋಕ್ 1683ರಲ್ಲಿ ತನ್ನ ಹಲ್ಲುಗಳ ಸಂದಿಯಿಂದ ಬಿಳಿಯ ಗಸಿಯನ್ನು ಕೆರೆದು ತೆಗೆದು ತಾನೇ ತಯಾರಿಸಿದ ಮಸೂರದಡಿಯಲ್ಲಿ ನೋಡಿದನು. ಆತ ದಿನವೂ ಉಪ್ಪಿನಿಂದ ಹಲ್ಲು ತಿಕ್ಕಿಕೊಳ್ಳುತ್ತಿದ್ದ ಶುಚಿವಂತ. ಆದರೂ ಆ ಗಸಿಯಲ್ಲಿ ಜೀವಿಗಳು ಮೀನಿನ ಮರಿಗಳಂತೆ ಓಡಾಡುತ್ತಿದ್ದುವು. ತನ್ನ ದೇಶದ ಜನಸಂಖ್ಯೆಗಿಂತಲೂ ಹೆಚ್ಚು ಜೀವಿಗಳು ತನ್ನ ಬಾಯೊಳಗಿವೆಯೆಂದು ಆತ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಮನುಷ್ಯರ ಬಾಯಲ್ಲಿ ಸುಮಾರು 700 ಬಗೆಯ ಬ್ಯಾಕ್ಟೀರಿಯಾಗಳು ವಾಸಿಸಬಲ್ಲವೆಂದು ಇಂದು ಲೆಕ್ಕ ಹಾಕಿದ್ದಾರೆ. ಬಾಯೊಳಗೆ ಆಡಿಸಿ ಹೊರತೆಗೆದ ಬ್ರಷ್ಷು ಅವುಗಳಲ್ಲಿ ಕೆಲವನ್ನು ಹೊತ್ತು ತರದೆ ಇದ್ದರಲ್ಲವೇ ಆಶ್ಚರ್ಯ!

ಶೌಚಾಲಯದ ಭೀತಿ ಇನ್ನೊಂದು. ನೀರು ಬಿಟ್ಟಾಗ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಚಿಮ್ಮುತ್ತವೆಂಬುದನ್ನು ಅಮೆರಿಕದ ಚಾರ್ಲ್ಸ್ ಗರ್ಬಾ 1975ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು. ಅಂದಿನಿಂದ ಆ ಹನಿಗಳೆಲ್ಲ ನೇರವಾಗಿ ನಮ್ಮ ಬ್ರಷ್ಷಿನ ಮೇಲೆಯೇ ಬಂದು ಕುಳಿತುಕೊಳ್ಳುತ್ತವೆಂದು ಜನ ನಂಬಿದ್ದಾರೆ. ಆದರೆ ಅದೇ ದೇಶದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದವರು ಸಾರ್ವಜನಿಕರು ಅಂಚೆಯಲ್ಲಿ ಕಳುಹಿಸಿಕೊಟ್ಟ ಬಳಸಿದ ಬ್ರಷ್ಷುಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಆಗಿದೆ. ಬ್ರಷ್ಷಿನ ಜೀವಿಗಳು ಕರುಳಿನವುಗಳನ್ನು ಹೋಲದೆ ಹೆಚ್ಚಾಗಿ ಬಾಯಿಯ ಮತ್ತು ಚರ್ಮದ ಜೀವಿಗಳನ್ನೇ ಹೋಲುತ್ತಿದ್ದುವು. ಅಲ್ಲಿಯವರೇ 2024ರಲ್ಲಿ ಬ್ರಷ್ಷು ಮತ್ತು ಸ್ನಾನದ ಷವರುಗಳಲ್ಲಿ 600ಕ್ಕೂ ಮಿಕ್ಕಿದ ವೈರಸ್ಸುಗಳನ್ನು ಪತ್ತೆ ಮಾಡಿದಾಗ ಪತ್ರಿಕೆಗಳು ಗಾಬರಿಯಿಂದ ಬರೆದುವು. ಆ ವೈರಸ್ಸುಗಳು ಬ್ಯಾಕ್ಟೀರಿಯಾಗಳ ಬೇಟೆಗಾರರೇ ಹೊರತು ಮನುಷ್ಯರಿಗೆ ರೋಗ ತರುವಂತಹವುಗಳಲ್ಲ. ತಲೆಬರಹ ಓದಿದವರು ಹಲವರು, ಒಳಗಿನದನ್ನು ಓದಿದವರು ಕೆಲವರು.

ಹಾಗೆಂದು ಬ್ರಷ್ಷನ್ನು ಹೇಗೆ ಇಟ್ಟರೂ ನಡೆಯುತ್ತದೆಂದು ಅರ್ಥವಲ್ಲ. ತನ್ನದೇ ಬಾಯಿಯ ಜೀವಿಗಳು ತನ್ನದೇ ಬಾಯಿಗೆ ಮರಳಿದರೆ ಆರೋಗ್ಯವಂತನಿಗೆ ಹೆಚ್ಚಿನ ಹಾನಿಯಿಲ್ಲ. ಇನ್ನೊಬ್ಬನ ಬಾಯಿಗೆ ಹೋದರೆ ಮಾತು ಬೇರೆ. ಹಲ್ಲು ಹುಳುಕಾಗಲು ಮುಖ್ಯ ಕಾರಣಗಳಲ್ಲೊಂದಾದ ಸ್ಟ್ರೆಪ್ಟೋಕಾಕಸ್ ಮ್ಯೂಟಾನ್ಸ್ ಎಂಬ ಜೀವಿ ಎಳೆಯ ಮಕ್ಕಳಿಗೆ ಬಹುಮಟ್ಟಿಗೆ ಮನೆಯ ದೊಡ್ಡವರ ಎಂಜಲಿನಿಂದಲೇ ದಾಟುತ್ತದೆ. ಒಸಡಿನಿಂದ ರಕ್ತ ಒಸರುವವರ ಬ್ರಷ್ಷನ್ನು ಬೇರೆಯವರು ಬಳಸಿದರೆ ಹೆಪಟೈಟಿಸ್ ಬಿ ಕೂಡ ಅಂಟಬಹುದು. ಎಂಜಲು ಮೈಲಿಗೆಗಳ ವಿಷಯದಲ್ಲಿ ನಾವು ಬಹಳ ಕಟ್ಟುನಿಟ್ಟಿನವರೆಂಬ ಹೆಮ್ಮೆ ನಮ್ಮಲ್ಲಿ ಅನೇಕರಿಗುಂಟು. ಅಂತಹ ಮನೆಗಳಲ್ಲಿಯೂ ಬಚ್ಚಲಿನ ಮೂಲೆಯ ಒಂದೇ ಲೋಟದಲ್ಲಿ ಅಜ್ಜನಿಂದ ಮೊಮ್ಮಗಳವರೆಗಿನ ಬ್ರಷ್ಷುಗಳೆಲ್ಲ ತಲೆಗೆ ತಲೆ ತಾಗಿಸಿಕೊಂಡು ನಿಂತಿರುತ್ತವೆ. ಲೋಟದ ತಳದಲ್ಲಿ ನಾಲ್ಕು ದಿನದ ನೀರು!

ನಮ್ಮ ಕಾಸರಗೋಡಿನ ಹವೆಯನ್ನೂ ಗಮನಿಸಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ನಾಡಿದು. ಆಟಿ ತಿಂಗಳಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಎರಡು ದಿನಕ್ಕೂ ಒಣಗದು, ನೈಲಾನ್ ಎಳೆಗಳ ಬುಡ ಒಣಗೀತೆ? ಒಣಗಿದ ಬ್ರಷ್ಷಿನಲ್ಲಿ ಜೀವಿಗಳ ಸಂಖ್ಯೆ ಕುಗ್ಗುತ್ತದೆ. ಒಸಡಿನ ರೋಗಕ್ಕೆ ಕಾರಣವಾಗುವ ಹಲವು ಜೀವಿಗಳು ಆಮ್ಲಜನಕವನ್ನು ಸಹಿಸಲಾರವಾದುದರಿಂದ ಗಾಳಿಗೆ ತೆರೆದಿಟ್ಟರೆ ಉಳಿಯುವುದು ಕಷ್ಟ. ಒದ್ದೆಯಾದ ಬ್ರಷ್ಷಿಗೆ ಪ್ಲಾಸ್ಟಿಕ್ ಟೊಪ್ಪಿ ಹಾಕಿ ಮುಚ್ಚಿದರೆ ಮಾತ್ರ ಅವುಗಳಿಗೆ ಹಬ್ಬ. ಶುಚಿತ್ವಕ್ಕೆಂದು ದುಡ್ಡು ಕೊಟ್ಟು ತಂದ ಟೊಪ್ಪಿಯೇ ಹೀಗೆ ಕೆಲಸ ಕೆಡಿಸುತ್ತದೆ. ನೇರಳಾತೀತ ಕಿರಣದ ಪೆಟ್ಟಿಗೆಗಳೂ ಈಗ ಮಾರಾಟಕ್ಕೆ ಬಂದಿವೆ. ನಲ್ಲಿಯ ನೀರು ಮತ್ತು ಗಾಳಿ ಪುಕ್ಕಟೆಯಾಗಿ ಮಾಡುವ ಕೆಲಸಕ್ಕೆ ಅಷ್ಟು ಹಣ ಸುರಿಯುವುದು ನನಗಂತೂ ಉಚಿತವೆಂದು ತೋರದು.

ಹಿಂದಿನವರು ಮಾವಿನೆಲೆಯಿಂದ ಹಲ್ಲು ತಿಕ್ಕಿ, ಅದರ ನಡುನರದಿಂದಲೋ ತೆಂಗಿನ ಗರಿಯ ಕಡ್ಡಿಯಿಂದಲೋ ನಾಲಗೆ ಕೆರೆದು, ಎರಡನ್ನೂ ತೋಟಕ್ಕೆ ಎಸೆದುಬಿಡುತ್ತಿದ್ದರು. ನಿನ್ನೆಯ ಎಲೆಯನ್ನು ಇಂದು ಬಾಯಿಗಿಡುವ ಪ್ರಶ್ನೆಯೇ ಇರಲಿಲ್ಲ. ಆ ಒಂದು ಗುಣವನ್ನು ಮೆಚ್ಚಲೇಬೇಕು. ಉಮಿಕರಿಯನ್ನೂ ಹಾಗೆಯೇ ಹೊಗಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಕರಿ ಕೊಳೆಯೊಂದಿಗೆ ಹಲ್ಲಿನ ಹೊರಕವಚವನ್ನೂ ಸವೆಸುತ್ತದೆ. ಎಲೆಯಿಂದ ಬ್ರಷ್ಷಿಗೆ ಬಂದ ನಾವು ಎಸೆಯುವ ಅಭ್ಯಾಸವನ್ನು ಮಾತ್ರ ಹಿಂದೆಯೇ ಬಿಟ್ಟುಬಂದೆವು. ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸಬೇಕಾದ ಬ್ರಷ್ಷು ಎಳೆಗಳೆಲ್ಲ ಕೆದರಿ ಹಳೆಯ ಪೊರಕೆಯಂತಾದರೂ ಅದರ ಸ್ಥಾನ ಅಬಾಧಿತ.

ಈಗ ಶಾಲೆಯ ಮಾತಿಗೆ ಬರುತ್ತೇನೆ. ಸ್ಕಾಟ್‌ಲೆಂಡಿನಲ್ಲಿ ಚೈಲ್ಡ್‌ಸ್ಮೈಲ್ ಎಂಬ ಸರಕಾರಿ ಯೋಜನೆಯ ಅಡಿಯಲ್ಲಿ ಶಿಶುವಿಹಾರದ ಮಕ್ಕಳು ಶಿಕ್ಷಕಿಯರ ಕಣ್ಣೆದುರಿನಲ್ಲೇ ದಿನವೂ ಹಲ್ಲುಜ್ಜುತ್ತಾರೆ. ಅಲ್ಲಿ ಮಕ್ಕಳ ಹುಳುಕು ಹಲ್ಲಿನ ಬಾಧೆ ಗಣನೀಯವಾಗಿ ಇಳಿದಿದೆ. ನಮ್ಮಲ್ಲಿ ಕೇಳಿಬಂದ ಆಕ್ಷೇಪ ಅಲ್ಲಿಯೂ ಇತ್ತೆಂಬುದು ಅವರ ನಿಯಮಗಳನ್ನು ನೋಡಿದರೆ ತಿಳಿಯುತ್ತದೆ. ಪ್ರತಿ ಮಗುವಿನ ಬ್ರಷ್ಷಿಗೂ ಗುರುತು. ಒಂದಕ್ಕೊಂದು ತಾಗದಂತೆ ನೇರವಾಗಿ ನಿಲ್ಲಿಸುವ, ಗಾಳಿಯಾಡುವ ಸ್ಟ್ಯಾಂಡು. ಪೇಸ್ಟಿನ ಕೊಳವೆಯ ಬಾಯಿ ಯಾವ ಬ್ರಷ್ಷಿಗೂ ಸೋಕದಂತೆ ಮೊದಲು ತಟ್ಟೆಗೆ ಹಾಕಿ ಅಲ್ಲಿಂದ ಪ್ರತ್ಯೇಕವಾಗಿ ತೆಗೆದುಕೊಳ್ಳುವ ಪದ್ಧತಿ. ನೆಲಕ್ಕೆ ಬಿದ್ದ ಬ್ರಷ್ಷು ಕಸದ ಬುಟ್ಟಿಗೆ. ರೋಗಾಣುಗಳ ಭಯದಿಂದ ಅವರು ಹಲ್ಲುಜ್ಜಿಸುವುದನ್ನು ಕೈಬಿಡಲಿಲ್ಲ, ಸ್ಟ್ಯಾಂಡನ್ನು ಸರಿಯಾಗಿ ಮಾಡಿಸಿದರು.

ನಮ್ಮ ಶಾಲೆಯಲ್ಲಿ ಇದು ಅಸಾಧ್ಯವೆ? ಊರಿನ ಬಡಗಿಯೊಬ್ಬರು ಒಂದು ದಿನದಲ್ಲಿ ಹಲಗೆಗೆ ತೂತು ಕೊರೆದುಕೊಡಬಲ್ಲರು. ತೂತಿನಿಂದ ತೂತಿಗೆ ನಾಲ್ಕು ಬೆರಳ ಅಂತರ, ಪ್ರತಿಯೊಂದರ ಕೆಳಗೆ ಮಗುವಿನ ಹಾಜರಿ ಸಂಖ್ಯೆ. ಅಕ್ಷರ ಬಾರದ ಒಂದನೆಯ ತರಗತಿಯವರಿಗೆ ಆನೆ, ನವಿಲು, ತೆಂಗಿನಮರಗಳ ಚಿತ್ರ ಸಾಕು. ಹಲಗೆ ಇರಬೇಕಾದುದು ಗಾಳಿ ಬೀಸುವ ಜಗಲಿಯಲ್ಲಿ, ಶೌಚಾಲಯದ ಪಕ್ಕದಲ್ಲಲ್ಲ. ಫ್ಲೋರೈಡ್ ಇರುವ ಪೇಸ್ಟು ಬಟಾಣಿ ಕಾಳಿನಷ್ಟು ಸಾಕಾಗುತ್ತದೆ. ಮಹಾದ್ವಾರಕ್ಕೆಂದು ಹಳೆ ವಿದ್ಯಾರ್ಥಿ ಸಂಘದವರು ಉದಾರವಾಗಿ ನೀಡುತ್ತಿರುವ ದೇಣಿಗೆಯ ಒಂದು ಸಣ್ಣ ಪಾಲು ಈ ಕಡೆಗೆ ತಿರುಗಿದರೆ ದ್ವಾರದ ಎತ್ತರ ಒಂದಡಿ ಕಡಿಮೆಯಾದೀತು, ಅಷ್ಟೆ. ಅಧ್ಯಾಪಕರಿಗೆ ಇದು ಹೆಚ್ಚುವರಿ ಹೊರೆಯೆಂಬುದನ್ನು ನಾನು ಬಲ್ಲೆ. ಊಟ ಬಡಿಸಲು ಸರದಿಯಲ್ಲಿ ಬರುವ ತಾಯಂದಿರು ಇನ್ನು ಹತ್ತು ನಿಮಿಷ ನಿಲ್ಲಲು ಒಪ್ಪಿದರೆ ಆ ಹೊರೆ ಹಗುರವಾಗುತ್ತದೆ. ಅವರನ್ನು ಈ ತನಕ ಯಾರೂ ಕೇಳಿಲ್ಲ.

ಬ್ರಷ್ಷು ಬದಲಿಸುವ ಲೆಕ್ಕವನ್ನು ಶಾಲೆಯ ಪಂಚಾಂಗವೇ ಇಟ್ಟುಕೊಟ್ಟಿದೆ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಒಂದು, ಓಣಂ ರಜೆ ಮುಗಿದಾಗ ಒಂದು, ಕ್ರಿಸ್ಮಸ್ ರಜೆ ಕಳೆದು ಬಂದಾಗ ಇನ್ನೊಂದು: ಹೀಗೆ ಮಗುವೊಂದಕ್ಕೆ ವರ್ಷಕ್ಕೆ ಮೂರು ಬ್ರಷ್ಷುಗಳು. ಬರುವ ಜೂನ್ ತಿಂಗಳಿಗೆ ಮೊದಲ ಹಲಗೆ ಜಗಲಿಯಲ್ಲಿ ನಿಲ್ಲುವುದಾದರೆ ಒಂದನೆಯ ತರಗತಿಯ ಆ ವರ್ಷದ ಬ್ರಷ್ಷುಗಳ ವೆಚ್ಚವನ್ನು ನಾನು ವಹಿಸಿಕೊಳ್ಳುತ್ತೇನೆಂದು ಮುಖ್ಯೋಪಾಧ್ಯಾಯರಿಗೆ ಈಗಾಗಲೇ ಬರೆದು ತಿಳಿಸಿದ್ದೇನೆ. ಉಳಿದ ಮೂರು ತರಗತಿಗಳು ಹಳೆ ವಿದ್ಯಾರ್ಥಿಗಳಿಗಾಗಿ ಕಾದಿವೆ.