ಕೂಡಿ ಕಾಣುವ ಕಲಿಕೆ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬುದು ಹಿರಿಯರ ಮಾತು. ಆದರೆ ದೇಶ ಸುತ್ತುವ ಭಾಗ್ಯ ಎಲ್ಲ ಮಕ್ಕಳಿಗೂ ದೊರೆಯುವುದಿಲ್ಲ. ಕೋಶವನ್ನು ಓದಿದ ಮಾತ್ರಕ್ಕೆ ಕಾಣದ ಊರು ಕಣ್ಣ ಮುಂದೆ ಬಂದು ನಿಲ್ಲುವುದಿಲ್ಲ. ಈ ಕೊರತೆಯನ್ನು ತುಂಬಲು ವಿಜ್ಞಾನವು ಹೊಸದೊಂದು ಸಾಧನವನ್ನು ನೀಡಿದೆ. ಅದನ್ನು ಕಣ್ಣಿಗೆ ಧರಿಸಿದೊಡನೆ ಕುಳಿತ ಕೊಠಡಿ ಮರೆಯಾಗಿ, ಕಡಲಿನ ತಳವೋ ದೂರದ ದೇಗುಲವೋ ಸುತ್ತಲೂ ಮೂಡಿದಂತೆ ತೋರುತ್ತದೆ. ಇದಕ್ಕೆ ವರ್ಚುವಲ್ ರಿಯಾಲಿಟಿ ಎಂದು ಹೆಸರು. ಇಂಥ ಸಾಧನಗಳು ತರಗತಿಗೆ ಬಂದರೆ ಮಕ್ಕಳು ಪರಸ್ಪರ ಸಹಕರಿಸಿ ಕಲಿಯುವರೆಂಬ ಆಶಯ ಕೇಳಿಬರುತ್ತಿದೆ. ಅದು ಕೈಗೂಡುವ ಬಗೆ ಯಾವುದು ಎಂಬುದು ವಿಚಾರಾರ್ಹವಾದ ಸಂಗತಿ.

ಈ ಸಾಧನದ ಮೂಲತತ್ತ್ವ ಹೊಸದಲ್ಲ. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನಗಳಿಂದ ನೋಡುತ್ತವೆ. ಮಿದುಳು ಆ ನೋಟಗಳನ್ನು ಒಂದಾಗಿಸಿ ಆಳವನ್ನು ಗ್ರಹಿಸುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಅವರು 1838ರಲ್ಲಿಯೇ ಸ್ಟೀರಿಯೊಸ್ಕೋಪ್ ಎಂಬ ಉಪಕರಣದ ಮೂಲಕ ಇದನ್ನು ವಿವರಿಸಿದರು. 1968ರಲ್ಲಿ ಅಮೆರಿಕದ ಐವನ್ ಸದರ್‌ಲೆಂಡ್ ಅವರು ತಲೆಗೆ ಧರಿಸುವ ಸಾಧನವೊಂದನ್ನು ಪ್ರದರ್ಶಿಸಿದರು. ನೋಡುವವನು ಮುಖ ಹೊರಳಿಸಿದಂತೆ ಗಣಕಯಂತ್ರವು ಚಿತ್ರವನ್ನೂ ಬದಲಿಸುತ್ತಿತ್ತು. 2014ರಲ್ಲಿ ಗೂಗಲ್ ಸಂಸ್ಥೆಯು ರಟ್ಟು ಮತ್ತು ಎರಡು ಮಸೂರಗಳಿಂದ ಮಾಡಿದ ಅಗ್ಗದ ಸಾಧನವನ್ನು ಹೊರತಂದಿತು. ಅದರೊಳಗೆ ಮೊಬೈಲ್ ಫೋನನ್ನು ಇಟ್ಟು ನೋಡಿದರೆ ಸಾಕಾಗಿತ್ತು.

ಆದರೆ ಇಲ್ಲೊಂದು ವಿಪರ್ಯಾಸವಿದೆ. ಈ ಸಾಧನವನ್ನು ಧರಿಸಿದವನಿಗೆ ಹಂಪೆ ಕಾಣುತ್ತದೆ. ಪಕ್ಕದ ಗೆಳೆಯನ ಮುಖ ಕಾಣುವುದಿಲ್ಲ. ನಲವತ್ತು ಮಕ್ಕಳು ನಲವತ್ತು ಸಾಧನಗಳನ್ನು ಧರಿಸಿ ಕುಳಿತರೆ ಅಲ್ಲಿರುವುದು ಸಹಕಾರವಲ್ಲ, ನಲವತ್ತು ಏಕಾಂತಗಳು. ಒಂದು ಕೈಯಿಂದ ಚಪ್ಪಾಳೆಯಾಗದು. ಒಬ್ಬನಿಗೆ ಮತ್ತೊಬ್ಬನ ಅಗತ್ಯವುಂಟಾದಾಗ ಮಾತ್ರ ಸಹಕಾರ ಹುಟ್ಟುತ್ತದೆ.

ಈ ಸತ್ಯವನ್ನು ಯಾವ ಯಂತ್ರದ ನೆರವೂ ಇಲ್ಲದೆ ತೋರಿಸಿಕೊಟ್ಟವರು ಮನೋವಿಜ್ಞಾನಿ ಎಲಿಯಟ್ ಆರನ್ಸನ್. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಬೇರೆ ಬೇರೆ ಜನಾಂಗಗಳ ಮಕ್ಕಳು ಮೊದಲ ಬಾರಿಗೆ ಒಟ್ಟಿಗೆ ಕಲಿಯತೊಡಗಿದ್ದರು. ಅವರ ನಡುವೆ ಅಪನಂಬಿಕೆ ಬೆಳೆದಿತ್ತು. ಆರನ್ಸನ್ ಮತ್ತು ಅವರ ಸಂಗಡಿಗರು ಮಕ್ಕಳನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಮಾಡಿ, ಪಾಠವನ್ನು ತುಣುಕುಗಳಾಗಿಸಿ, ಒಬ್ಬೊಬ್ಬರಿಗೆ ಒಂದೊಂದು ತುಣುಕನ್ನು ಕೊಟ್ಟರು. ಇಡೀ ಪಾಠ ತಿಳಿಯಬೇಕಾದರೆ ಪ್ರತಿಯೊಬ್ಬನ ಮಾತನ್ನೂ ಕೇಳಲೇಬೇಕಾಯಿತು. ತೊದಲುವವನನ್ನು ಗೇಲಿ ಮಾಡುತ್ತಿದ್ದವರೇ ಅವನಿಗೆ ತಾಳ್ಮೆಯಿಂದ ಪ್ರಶ್ನೆಗಳನ್ನು ಹಾಕಿ ವಿಷಯ ತಿಳಿಯುವುದನ್ನು ಕಲಿತರು.

ಹೊಸ ಸಾಧನವನ್ನೂ ಹೀಗೆಯೇ ಬಳಸಬೇಕು. ಅದಕ್ಕೆ ತಕ್ಕ ಗುಣವೂ ಅದರಲ್ಲಿದೆ. ದೃಶ್ಯವು ಸುತ್ತಲೂ ಇದ್ದರೂ ಯಾರಿಗೂ ಅದು ಒಮ್ಮೆಲೇ ಪೂರ್ತಿಯಾಗಿ ಕಾಣಿಸದು. ಹಂಪೆಯ ವಿಠ್ಠಲ ದೇವಾಲಯದ ಅಂಗಳದಲ್ಲಿ ಕಲ್ಲಿನ ರಥಕ್ಕೂ ಮಹಾಮಂಟಪಕ್ಕೂ ನಡುವೆ ನಿಂತವನು ರಥವನ್ನು ನೋಡಿದರೆ ಮಂಟಪ ಬೆನ್ನ ಹಿಂದೆ ಉಳಿಯುತ್ತದೆ. ಆದುದರಿಂದ ಒಬ್ಬಳು ರಥದ ಕೆತ್ತನೆಯನ್ನು ನೋಡಿ ವರ್ಣಿಸಲಿ. ಮತ್ತೊಬ್ಬನು ಮಂಟಪದ ಕಂಬಗಳನ್ನು ಬಣ್ಣಿಸಲಿ. ಮೂರನೆಯವರು ಕೇಳಿದ್ದನ್ನು ನಕ್ಷೆಯಾಗಿ ಬರೆಯಲಿ. ನಾಲ್ಕನೆಯವರು ಅದನ್ನು ಪುಸ್ತಕದೊಡನೆ ಹೋಲಿಸಿ, ಸಂದೇಹ ಬಂದಲ್ಲಿ ಮತ್ತೆ ನೋಡಿ ಹೇಳುವಂತೆ ಕೇಳಲಿ. ಕಂಡವರ ಮಾತು ಸ್ಪಷ್ಟವಾಗದಿದ್ದರೆ ನಕ್ಷೆ ತಪ್ಪುತ್ತದೆ. ಕೇಳುವವರು ಗಮನವಿಡದಿದ್ದರೂ ತಪ್ಪುತ್ತದೆ.

ಹೀಗಿರುವಾಗ ಸಾಧನಗಳು ಕಡಿಮೆ ಇರುವುದು ಬಡ ಶಾಲೆಗೆ ದೊಡ್ಡ ಕೊರತೆಯಲ್ಲ. ಗುಂಪಿಗೆ ಒಂದಿದ್ದರೂ ಸರದಿಯಂತೆ ನೋಡಬಹುದು. ಆದರೆ ನೋಡುವ ಸರದಿ ಸದಾ ಮುಂದಿನ ಸಾಲಿನ ಚುರುಕಾದ ಮಕ್ಕಳಿಗೇ ಹೋಗದಂತೆ ಅಧ್ಯಾಪಕರು ಎಚ್ಚರ ವಹಿಸಬೇಕು. ಕೊನೆಯ ಬೆಂಚಿನಲ್ಲಿ ಮೌನವಾಗಿ ಕುಳಿತ ಹುಡುಗಿಯು ಕಂಡದ್ದನ್ನು ಕೇಳಲು ಇಡೀ ಗುಂಪು ಕಾದು ನಿಂತ ದಿನ ಆಕೆಗೆ ದೊರೆಯುವ ಆತ್ಮವಿಶ್ವಾಸವನ್ನು ಯಾವ ಯಂತ್ರವೂ ಕೊಡಲಾರದು.

ಯಂತ್ರಗಳು ಬರುತ್ತವೆ, ಹೋಗುತ್ತವೆ. ಶಾಲೆಗಳಿಗಾಗಿ ಗೂಗಲ್ ಆರಂಭಿಸಿದ್ದ ಎಕ್ಸ್‌ಪೆಡಿಷನ್ಸ್ ಎಂಬ ಇಂಥ ಪ್ರವಾಸದ ಯೋಜನೆಯೇ 2021ರಲ್ಲಿ ನಿಂತುಹೋಯಿತು. ಕಂಡದ್ದನ್ನು ಹಂಚಿಕೊಳ್ಳುವ ಮತ್ತು ಇನ್ನೊಬ್ಬರ ಮಾತಿಗೆ ಕಿವಿಗೊಡುವ ಗುಣ ಹಾಗೆ ನಿಂತುಹೋಗುವಂಥದಲ್ಲ. ಕಣ್ಣಿನ ಸಾಧನವನ್ನು ಕಳಚಿಟ್ಟ ಮೇಲೆ ನಡೆಯುವ ಮಾತುಕತೆಯೇ ನಿಜವಾದ ಪಾಠ.